ಚಳಿಗಾಲದ ದಾರಿ ಮತ್ತು ಕಾರಿನ ವಿಮೆ
ಬೆಳಗಾವಿ–ಖಾನಾಪುರ ಭಾಗದ ಚಾಲಕರಿಗೆ ಕೆಲವು ಉಪಯುಕ್ತ ಮಾತುಗಳು

ಚಳಿಗಾಲದಲ್ಲಿ ವಾಹನ ಓಡಿಸುವ ಕಷ್ಟವೆಂದರೆ ಅದು ಕಾಶ್ಮೀರದವರಿಗೋ ಹಿಮಾಚಲದವರಿಗೋ ಸೇರಿದ ವಿಷಯವೆಂದು ನಾವು ಭಾವಿಸುವುದುಂಟು. ನಮ್ಮಲ್ಲಿ ಹಿಮ ಬೀಳುವುದಿಲ್ಲ, ರಸ್ತೆ ಹೆಪ್ಪುಗಟ್ಟುವುದಿಲ್ಲ, ನಿಜ. ಆದರೆ ಡಿಸೆಂಬರಿನ ಒಂದು ಬೆಳಗಿನ ಜಾವ ಐದೂವರೆಗೆ ಬೆಳಗಾವಿಯಿಂದ ಹೊರಟು ಪೀರನವಾಡಿ, ಮಚ್ಛೆ, ದೇಸೂರು ದಾಟಿ ಖಾನಾಪುರದ ಕಡೆ ಹೋದವರಿಗೆ ನಮ್ಮ ಚಳಿಗಾಲ ಎಂಥದೆಂದು ಗೊತ್ತಿದೆ. ಹೊಲಗಳ ಮೇಲಿಂದ ಎದ್ದ ಮಂಜು ರಸ್ತೆಯನ್ನು ನುಂಗಿರುತ್ತದೆ. ಗಾಜಿನ ಹೊರಗೆ ಇಬ್ಬನಿ, ಒಳಗೆ ನಮ್ಮದೇ ಉಸಿರಿನ ಆವಿ. ಇದ್ದಕ್ಕಿದ್ದಂತೆ ಮುಂದೆ ಒಂದು ಕಪ್ಪು ಗೋಡೆ! ಅದು ಗೋಡೆಯಲ್ಲ, ಹಿಂದೀಪವಿಲ್ಲದೆ ನಿಂತ ಕಬ್ಬಿನ ಟ್ರೇಲರ್.

ಕಿರುತೆರೆಯ ಮಾತುಕತೆಯಲ್ಲಿ ಸಮಯದ ಮಿತಿ ಇರುತ್ತದೆ. ಹೇಳಬೇಕಾದ ಅಂಕಿ ಅಂಶಗಳು ಕಿವಿಯ ಮೇಲೆ ಬಿದ್ದು ಮರೆತೂ ಹೋಗುತ್ತವೆ. ಆದ್ದರಿಂದ ಎರಡು ಸಂಗತಿಗಳನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ನೋಡೋಣ. ಒಂದು, ಚಳಿಗಾಲದ ದಾರಿಯಲ್ಲಿ ಅಪಾಯ ಬಾರದಂತೆ, ಬಂದರೆ ಎದುರಿಸುವಂತೆ ಸಿದ್ಧರಾಗುವುದು ಹೇಗೆ? ಎರಡು, ಅಪಾಯ ಬಂದೇ ಬಿಟ್ಟಾಗ ನಮ್ಮ ಕಪಾಟಿನಲ್ಲಿರುವ ವಿಮೆಯ ಕಾಗದ ಏನು ಕೊಡುತ್ತದೆ, ಏನು ಕೊಡುವುದಿಲ್ಲ?

ಒಂದು ಊಹೆಯ ಉದಾಹರಣೆ

ಮಾತು ಸ್ಪಷ್ಟವಾಗಲೆಂದು ಒಂದು ಕುಟುಂಬವನ್ನು ಊಹಿಸಿಕೊಳ್ಳೋಣ. ಮನೆ ಬೆಳಗಾವಿಯ ಶಹಾಪುರದಲ್ಲಿ. ಕಾರು ತಂದೆಯ ಹೆಸರಿನಲ್ಲಿದೆ. ಮೂರೂವರೆ ವರ್ಷ ಹಳೆಯದಾದ ಸಣ್ಣ ಕಾರು. ನಂದಗಡದಲ್ಲಿರುವ ಮಗಳ ಕುಬಸದ ಕಾರ್ಯಕ್ಕೆ ತಾಯಿ ಮತ್ತು ಅತ್ತಿಗೆಯನ್ನು ಕೂರಿಸಿಕೊಂಡು ಮಗ ನಸುಕಿನಲ್ಲೇ ಹೊರಟಿದ್ದಾನೆ. ತಂದೆಯವರು ಬಸ್ಸಿನಲ್ಲಿ ಆಮೇಲೆ ಬರುವವರು. ಖಾನಾಪುರ ಇನ್ನೂ ಸ್ವಲ್ಪ ದೂರವಿರುವಾಗ ಮಂಜಿನಲ್ಲಿ, ಚಕ್ರ ಪಂಕ್ಚರ್ ಆಗಿ ದಾರಿಯಲ್ಲೇ ನಿಂತ ಟ್ರೇಲರಿಗೆ ಕಾರು ಬಡಿಯುತ್ತದೆ. ಮಗನ ಕಾಲಿಗೆ ದೊಡ್ಡ ಪೆಟ್ಟು, ತಾಯಿಯ ಕೈ ಮುರಿದಿದೆ, ಹಿಂದೆ ಕುಳಿತು ಬೆಲ್ಟ್ ಹಾಕಿಕೊಂಡಿದ್ದ ಅತ್ತಿಗೆಗೆ ತರಚು ಗಾಯ ಮಾತ್ರ. ಕಾರಿನ ಮುಂಭಾಗ ಜಜ್ಜಿಹೋಗಿದೆ.

ಈ ಕುಟುಂಬಕ್ಕೆ ಆಸ್ಪತ್ರೆಯ ಖರ್ಚು ಯಾರು ಕೊಡುತ್ತಾರೆ? ಕಾರಿನ ರಿಪೇರಿ ಯಾರ ಪಾಲು? ಉತ್ತರಕ್ಕೆ ಮೊದಲು ಈ ಅಪಘಾತ ತಪ್ಪಿಸಬಹುದಿತ್ತೇ ಎಂಬುದನ್ನು ನೋಡೋಣ.

ಮಂಜು ಏಕೆ ಬರುತ್ತದೆ?

ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಎತ್ತರದಲ್ಲಿದೆ. ಸಹ್ಯಾದ್ರಿಯ ಅಂಚಿಗೆ ಸೇರಿದ ಊರು. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಖಾನಾಪುರ ಪಟ್ಟಣದ ಪಕ್ಕದಲ್ಲೇ ಹರಿಯುತ್ತಾಳೆ. ಸುತ್ತ ಕಾಡು, ಗದ್ದೆ, ಹಳ್ಳ. ಚಳಿಗಾಲದ ರಾತ್ರಿ ಆಕಾಶ ಶುಭ್ರವಾಗಿದ್ದಾಗ ನೆಲ ತನ್ನ ಶಾಖವನ್ನು ಬೇಗ ಬಿಟ್ಟುಕೊಡುತ್ತದೆ. ನೆಲಕ್ಕೆ ತಾಗಿದ ತೇವದ ಗಾಳಿ ತಣ್ಣಗಾಗಿ, ಅದರಲ್ಲಿದ್ದ ನೀರಾವಿ ಅತಿ ಸಣ್ಣ ಹನಿಗಳಾಗುತ್ತದೆ. ಅದೇ ಮಂಜು. ತಣ್ಣನೆಯ ಗಾಳಿ ಭಾರವಾದ್ದರಿಂದ ತಗ್ಗಿನಲ್ಲಿ, ಹಳ್ಳದ ಸೇತುವೆಯ ಬಳಿ, ನದೀ ತೀರದಲ್ಲಿ ಕೂಡಿಕೊಳ್ಳುತ್ತದೆ. ಹೀಗಾಗಿ ಒಂದು ಕಿಲೋಮೀಟರ್ ದಾರಿ ಸ್ವಚ್ಛವಾಗಿದ್ದು, ಮುಂದಿನ ಇಳಿಜಾರಿನಲ್ಲಿ ಏನೂ ಕಾಣದಂತಾಗುವುದು ಸಾಮಾನ್ಯ. ಸೂರ್ಯ ಹುಟ್ಟುವ ಮೊದಲು ಮತ್ತು ಹುಟ್ಟಿದ ಸ್ವಲ್ಪ ಹೊತ್ತು ಮಂಜು ಅತ್ಯಂತ ದಟ್ಟ. ಬಿಸಿಲೇರಿದಂತೆ ಕರಗುತ್ತದೆ.

ಮೊದಲ ಪಾಠ ಇಲ್ಲೇ ಇದೆ. ಸಾಧ್ಯವಾದರೆ ಒಂದೂವರೆ ಗಂಟೆ ತಡವಾಗಿ ಹೊರಡಿ. ಕುಬಸದ ಕಾರ್ಯಕ್ಕೆ ತಡವಾಗಿ ಮುಟ್ಟಿದವರನ್ನು ಯಾರೂ ಬೈಯುವುದಿಲ್ಲ.

ಕಾಣುವಷ್ಟೇ ವೇಗ

ಚಾಲಕ ಅಡ್ಡಿಯನ್ನು ಕಂಡು ಬ್ರೇಕಿನ ಮೇಲೆ ಕಾಲಿಡುವುದಕ್ಕೆ ಸುಮಾರು ಒಂದೂವರೆ ಸೆಕೆಂಡ್ ಹಿಡಿಯುತ್ತದೆ ಎಂದು ಲೆಕ್ಕ ಹಿಡಿಯೋಣ. ಆ ಹೊತ್ತಿನಲ್ಲೂ ಕಾರು ಓಡುತ್ತಲೇ ಇರುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಆ ಒಂದೂವರೆ ಸೆಕೆಂಡಿಗೆ 25 ಮೀಟರ್ ಮುಂದೆ ಹೋಗಿರುತ್ತೀರಿ. ಅಲ್ಲಿಂದ ಬ್ರೇಕ್ ಹಿಡಿದು ನಿಲ್ಲಲು ಒಣ ರಸ್ತೆಯಲ್ಲಿ ಇನ್ನೂ ಸುಮಾರು 20 ಮೀಟರ್, ಇಬ್ಬನಿಯಿಂದ ಒದ್ದೆಯಾದ ರಸ್ತೆಯಲ್ಲಿ 35 ಮೀಟರ್ ಬೇಕು. ಒಟ್ಟು 60 ಮೀಟರ್. ಮಂಜಿನಲ್ಲಿ ನಿಮಗೆ ಕಾಣುವುದು 30 ಮೀಟರ್ ಮಾತ್ರವಾದರೆ? ಉಳಿದದ್ದನ್ನು ಹೇಳಬೇಕಿಲ್ಲ.

ಅದೇ ಗಂಟೆಗೆ 30 ಕಿಲೋಮೀಟರ್ ವೇಗವಾದರೆ, ಒದ್ದೆ ರಸ್ತೆಯಲ್ಲೂ ಸುಮಾರು 22 ಮೀಟರಿನೊಳಗೆ ನಿಲ್ಲಬಹುದು. ಆದ್ದರಿಂದ ಸುಲಭವಾದ ನಿಯಮ: ಎಷ್ಟು ಮೀಟರ್ ಕಾಣುತ್ತದೆಯೋ ಅದಕ್ಕಿಂತ ಹೆಚ್ಚಿನ ಅಂಕಿ ಸ್ಪೀಡೋಮೀಟರಿನಲ್ಲಿ ಇರಬಾರದು. 30 ಮೀಟರ್ ಕಂಡರೆ 30 ಕಿಲೋಮೀಟರ್. ಈ ನಿಯಮ ಇಂಥ ದಟ್ಟ ಮಂಜಿಗೆ ಸರಿಹೊಂದುವಂಥದ್ದು. ಹೆಚ್ಚು ದೂರ ಕಾಣುತ್ತದೆಂದು ಇದೇ ಲೆಕ್ಕದಲ್ಲಿ ವೇಗ ಏರಿಸುತ್ತ ಹೋಗಬಾರದು. ವೇಗ ಎರಡು ಪಟ್ಟಾದರೆ ಬ್ರೇಕಿಗೆ ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ.

ದೀಪದ ವಿಷಯದಲ್ಲಿ ಬಹಳಷ್ಟು ಮಂದಿ ತಪ್ಪು ಮಾಡುತ್ತಾರೆ. ಕಾಣುತ್ತಿಲ್ಲವೆಂದು ಹೈ ಬೀಮ್ ಹಾಕುತ್ತಾರೆ. ಆ ಬೆಳಕು ಮಂಜಿನ ಹನಿಗಳಿಗೆ ತಾಗಿ ನಮ್ಮ ಕಣ್ಣಿಗೇ ಹಿಂದಿರುಗುತ್ತದೆ. ಮುಂದೆ ಬಿಳಿ ಪರದೆ ಕಟ್ಟಿದಂತಾಗುತ್ತದೆ. ದೀಪವನ್ನು ತಗ್ಗಿಸಿ ಲೋ ಬೀಮಿನಲ್ಲಿಡಿ, ಫಾಗ್ ಲ್ಯಾಂಪ್ ಇದ್ದರೆ ಹಾಕಿ. ಓಡುತ್ತಿರುವಾಗ ನಾಲ್ಕೂ ಇಂಡಿಕೇಟರುಗಳನ್ನು ಮಿನುಗಿಸಬೇಡಿ. ನೀವು ನಿಂತಿದ್ದೀರೋ ಹೋಗುತ್ತಿದ್ದೀರೋ, ಎಡಕ್ಕೆ ಹೊರಳುತ್ತೀರೋ ಬಲಕ್ಕೋ ಎಂಬುದು ಹಿಂದಿನವರಿಗೆ ತಿಳಿಯುವುದಿಲ್ಲ. ಆ ದೀಪ ನಿಂತ ವಾಹನಕ್ಕೆ. ರೇಡಿಯೊ ಆರಿಸಿ, ಕಿಟಕಿಯನ್ನು ಎರಡು ಬೆರಳಷ್ಟು ಇಳಿಸಿ. ಕಣ್ಣಿಗೆ ಕಾಣದ ಟ್ರ್ಯಾಕ್ಟರಿನ ಸದ್ದು ಕಿವಿಗೆ ಕೇಳಬಹುದು. ರಸ್ತೆಯ ಎಡಅಂಚಿನ ಬಿಳಿ ಪಟ್ಟಿ ನಿಮ್ಮ ದಾರಿದೀಪವಾಗಲಿ. ಮುಂದಿನ ಲಾರಿಯ ಹಿಂದೀಪವನ್ನೇ ನಂಬಿ ಅಂಟಿಕೊಂಡು ಹೋಗಬೇಡಿ.

ನಮ್ಮ ದಾರಿಗಳ ಸ್ವಭಾವ

ಬೆಳಗಾವಿ ಜಿಲ್ಲೆ ಕಬ್ಬಿನ ಜಿಲ್ಲೆ. ಕಬ್ಬು ನುರಿಸುವ ಹಂಗಾಮು ಸುಮಾರಾಗಿ ಅಕ್ಟೋಬರ್–ನವೆಂಬರಿನಲ್ಲಿ ಆರಂಭವಾಗಿ ಮಾರ್ಚಿನ ಸುತ್ತಮುತ್ತ ಮುಗಿಯುತ್ತದೆ. ಅಂದರೆ ಮಂಜಿನ ಕಾಲವೂ ಕಬ್ಬಿನ ಕಾಲವೂ ಒಂದೇ. ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರ್ ಕಟ್ಟಿ, ಅಗಲ ಮೀರಿ ಹೇರಿದ ಕಬ್ಬು ಹಿಂದಿನ ಪ್ರತಿಫಲಕಗಳನ್ನೇ ಮುಚ್ಚಿರುತ್ತದೆ. ರಸ್ತೆಗೆ ಉದುರಿದ ಕಬ್ಬು, ರವದಿ ಇಬ್ಬನಿಯಲ್ಲಿ ನೆನೆದರೆ ಟೈರು ಜಾರುತ್ತದೆ. ಡಿಸೆಂಬರಿನಲ್ಲಿ ಸಾಮಾನ್ಯವಾಗಿ ಸುವರ್ಣ ವಿಧಾನಸೌಧದಲ್ಲಿ ನಡೆಯುವ ಅಧಿವೇಶನ, ಬನದ ಹುಣ್ಣಿಮೆಗೆ ಸವದತ್ತಿ ಯಲ್ಲಮ್ಮನಿಗೆ ಹೋಗುವ ಭಕ್ತರು, ವರ್ಷದ ಕೊನೆಗೆ ಗೋವಾಕ್ಕೆ ಓಡುವ ಕಾರುಗಳು, ಇವೆಲ್ಲವೂ ಇದೇ ದಿನಗಳಲ್ಲಿ ದಾರಿಗೆ ಬರುತ್ತವೆ.

ಗೋವಾಕ್ಕೆ ನಮ್ಮಲ್ಲಿ ಎರಡು ದಾರಿ. ಖಾನಾಪುರ, ಲೋಂಡಾ, ರಾಮನಗರ, ಅನಮೋಡ ಘಟ್ಟದ ಮೂಲಕ ಇಳಿಯುವುದು ಒಂದು. ಹಳಬರು ಎನ್‌ಎಚ್ 4ಎ ಎಂದು ಕರೆಯುತ್ತಿದ್ದ ಈ ಹೆದ್ದಾರಿಯ ಇಂದಿನ ಸಂಖ್ಯೆ 748. ಜಾಂಬೋಟಿ, ಕಣಕುಂಬಿ, ಚೋರ್ಲಾ ಘಟ್ಟದ ಮೂಲಕ ಹೋಗುವುದು ಇನ್ನೊಂದು. ಎರಡೂ ಕಾಡಿನ ದಾರಿಗಳು. ಖಾನಾಪುರ ತಾಲ್ಲೂಕಿನ ಭೀಮಗಡ 2011ರಲ್ಲಿ ವನ್ಯಜೀವಿಧಾಮವಾಯಿತು. ಈ ಭಾಗದಲ್ಲಿ ಕಾಡುಕೋಣ, ಕಡವೆಗಳು ರಸ್ತೆ ದಾಟುತ್ತವೆ. ಕಾಡುಕೋಣದ ಮೈ ಕಪ್ಪು. ರಾತ್ರಿ ದೀಪದ ಬೆಳಕಿಗೆ ತಡವಾಗಿ ಕಾಣುತ್ತದೆ. ಒಂದು ದಾಟಿದರೆ ಹಿಂದೆ ಇನ್ನೊಂದು ಇದ್ದೇ ಇದೆ ಎಂದು ತಿಳಿದು ನಿಲ್ಲಿ. ಹಾರ್ನ್ ಹೊಡೆದು ಬೆದರಿಸಬೇಡಿ.

ಘಟ್ಟ ಇಳಿಯುವಾಗ ಹತ್ತುವ ಗೇರಿನಲ್ಲೇ ಇಳಿಯಬೇಕೆಂಬ ಹಳೆಯ ಡ್ರೈವರುಗಳ ಮಾತು ಇಂದಿಗೂ ಸತ್ಯ. ಬ್ರೇಕನ್ನೇ ಒತ್ತಿ ಹಿಡಿದು ಇಳಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲಿನಲ್ಲಿ ಇಳಿಯುವುದಂತೂ ಆತ್ಮಹತ್ಯೆಗೆ ಸಮಾನ.

ಹೊರಡುವ ಮುನ್ನ

ಟೈರಿನ ಗಾಳಿಯನ್ನು ಟೈರು ತಣ್ಣಗಿರುವಾಗ ನೋಡಬೇಕು. ಉಷ್ಣಾಂಶ ಐದಾರು ಡಿಗ್ರಿ ಇಳಿದರೆ ಗಾಳಿಯ ಒತ್ತಡ ಸುಮಾರು ಒಂದು ಪಿಎಸ್‌ಐ ಇಳಿಯುತ್ತದೆ. ಮಧ್ಯಾಹ್ನಕ್ಕೂ ನಸುಕಿಗೂ ಹದಿನೈದು ಡಿಗ್ರಿ ಅಂತರವಿದ್ದರೆ ಎರಡು ಮೂರು ಪಿಎಸ್‌ಐ ಕಡಿಮೆಯಾಯಿತು. ನಿನ್ನೆ ಮಧ್ಯಾಹ್ನ ಗಾಳಿ ತುಂಬಿಸಿದ್ದೇನೆ ಎಂದು ನಿಶ್ಚಿಂತರಾಗಬೇಡಿ. ಸ್ಟೆಪ್ನಿಯನ್ನೂ ನೋಡಿ, ಬೇಕಾದಾಗ ಅದರಲ್ಲೇ ಗಾಳಿ ಇರುವುದಿಲ್ಲ.

ಬ್ಯಾಟರಿ ಚಳಿಯಲ್ಲಿ ಬಲ ಕಳೆದುಕೊಳ್ಳುತ್ತದೆ. ಬೆಳಿಗ್ಗೆ ಎಂಜಿನ್ ಗೊರಗೊರ ಎಂದು ತಡವಾಗಿ ಹೊತ್ತಿಕೊಳ್ಳುತ್ತಿದ್ದರೆ ಅದು ಎಚ್ಚರಿಕೆಯ ಗಂಟೆ. ವೈಪರಿನ ರಬ್ಬರು ಬೇಸಿಗೆಯ ಬಿಸಿಲಿಗೆ ಬಿರುಕು ಬಿಟ್ಟಿದ್ದರೆ ಬದಲಿಸಿ. ಗಾಜಿನ ಒಳಗಿನ ಆವಿ ಹೋಗಲು ಗಾಳಿಯನ್ನು ಮುಂದಿನ ಗಾಜಿಗೆ ಹರಿಸಿ ಎಸಿ ಹಾಕಿ. ಚಳಿಯಲ್ಲಿ ಎಸಿಯೇ ಎಂದು ನಗಬೇಡಿ. ಅದು ಗಾಳಿಯ ತೇವವನ್ನು ತೆಗೆಯುತ್ತದೆ.

ಡಿಕ್ಕಿಯಲ್ಲಿ ಇಷ್ಟು ಸಾಮಾನು ಸದಾ ಇರಲಿ: ಜಾಕ್ ಮತ್ತು ಪಾನಾ, ಟಾರ್ಚ್, ಕೆಂಪು ಪ್ರತಿಫಲಿಸುವ ಎಚ್ಚರಿಕೆ ತ್ರಿಕೋನ, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಬ್ಯಾಟರಿಗೆ ಜೋಡಿಸುವ ಕೇಬಲ್, ಒಂದು ಕಂಬಳಿ, ಕುಡಿಯುವ ನೀರು, ಒಂದಿಷ್ಟು ಬಿಸ್ಕೀಟು. ಚೋರ್ಲಾ, ಅನಮೋಡದ ಕಾಡಿನಲ್ಲಿ ಮೊಬೈಲ್ ಸಿಗ್ನಲ್ ಎಲ್ಲ ಕಡೆ ಸಿಗುವುದಿಲ್ಲ. ಮನೆಯವರ ಮತ್ತು ವಿಮಾ ಕಂಪನಿಯ ದೂರವಾಣಿ ಸಂಖ್ಯೆ, ಪಾಲಿಸಿ ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದಿಡಿ. ಕಾಗದಪತ್ರ ಡಿಜಿಲಾಕರಿನಲ್ಲಿದ್ದರೆ ಕಾನೂನು ಒಪ್ಪುತ್ತದೆ. ಆದರೆ ಬ್ಯಾಟರಿ ಸತ್ತ ಮೊಬೈಲು ಏನನ್ನೂ ತೋರಿಸುವುದಿಲ್ಲ.

ದಾರಿಯಲ್ಲಿ ಕೆಟ್ಟು ನಿಂತರೆ

ಆದಷ್ಟೂ ರಸ್ತೆಯಿಂದ ಪೂರ್ತಿ ಕೆಳಗಿಳಿಸಿ ನಿಲ್ಲಿಸಿ. ನಾಲ್ಕೂ ಇಂಡಿಕೇಟರ್ ಮಿನುಗಲಿ. ತ್ರಿಕೋನವನ್ನು ಕಾರಿನ ಹಿಂದೆ ಕನಿಷ್ಠ 50 ಹೆಜ್ಜೆ ದೂರದಲ್ಲಿ, ತಿರುವಿದ್ದರೆ ತಿರುವಿನ ಆಚೆಗೇ ಇಡಿ. ಎಲ್ಲರನ್ನೂ ಇಳಿಸಿ ರಸ್ತೆಯಿಂದ ದೂರ ನಿಲ್ಲಿಸಿ. ಕಾರಿನ ಹಿಂದೆ ನಿಂತು ದೀಪಕ್ಕೆ ಅಡ್ಡವಾಗಬೇಡಿ. ಕಲ್ಲು, ಮರದ ಕೊಂಬೆ ಇಟ್ಟು ಎಚ್ಚರಿಸುವ ಪದ್ಧತಿ ನಮ್ಮಲ್ಲಿದೆ. ಕಾರು ಹೋದ ಮೇಲೂ ಕಲ್ಲು ಅಲ್ಲೇ ಉಳಿದು ಬೈಕಿನವರ ಪ್ರಾಣ ತೆಗೆಯುತ್ತದೆ. ದಯಮಾಡಿ ಹಾಗೆ ಮಾಡಬೇಡಿ.

ಅಪಘಾತವಾದರೆ 112ಕ್ಕೆ ಕರೆ ಮಾಡಿ; ಆಂಬುಲೆನ್ಸಿಗೆ 108; ರಾಷ್ಟ್ರೀಯ ಹೆದ್ದಾರಿಯ ಸಹಾಯಕ್ಕೆ 1033. ಗಾಯಾಳುವನ್ನು ಎಳೆದಾಡಬೇಡಿ, ಬೆಂಕಿಯ ಭಯವೋ ಇನ್ನೊಂದು ವಾಹನ ಬಡಿಯುವ ಭಯವೋ ಇದ್ದರೆ ಮಾತ್ರ ಕುತ್ತಿಗೆ ಅಲುಗದಂತೆ ಸರಿಸಿ. ರಕ್ತ ಸುರಿಯುತ್ತಿದ್ದರೆ ಸ್ವಚ್ಛ ಬಟ್ಟೆಯಿಂದ ಒತ್ತಿ ಹಿಡಿಯಿರಿ.

ಪೊಲೀಸು, ಕೋರ್ಟು ಎಂಬ ಅಂಜಿಕೆಯಿಂದ ದಾರಿಹೋಕರು ಮುಂದೆ ಹೋಗಿಬಿಡುವ ಕಾಲ ಹೋಗಬೇಕು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿ, ಸದ್ಭಾವನೆಯಿಂದ ನೆರವಾದವರಿಗೆ 134ಎ ಕಲಮಿನ ರಕ್ಷಣೆ ಕೊಟ್ಟಿದೆ. ನೆರವಾದವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ; ಹೆಸರು, ವಿಳಾಸ ಕೊಡಲೇಬೇಕೆಂದು ಒತ್ತಾಯಿಸುವಂತಿಲ್ಲ. ಗಾಯವಾದ ಮೊದಲ ಒಂದು ಗಂಟೆಯನ್ನು ಕಾನೂನು ‘ಸುವರ್ಣ ಗಳಿಗೆ’ ಎಂದು ಗುರುತಿಸಿದೆ. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಯೋಜನೆಯಂತೆ, ರಸ್ತೆ ಅಪಘಾತದ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ 1.5 ಲಕ್ಷ ರೂಪಾಯಿಯ ಮಿತಿಯಲ್ಲಿ ನಗದುರಹಿತ ಚಿಕಿತ್ಸೆಗೆ ಅವಕಾಶವಿದೆ. ನಮ್ಮ ಉದಾಹರಣೆಯ ತಾಯಿ ಮಗನನ್ನು ಆಸ್ಪತ್ರೆಗೆ ಸೇರಿಸುವಾಗ ಈ ಯೋಜನೆಯ ಬಗ್ಗೆ ಮೊದಲೇ ಕೇಳಬೇಕು.

ಇನ್ನು ವಿಮೆಯ ಮಾತು

ಕಾರಿನ ವಿಮೆಯಲ್ಲಿ ಮುಖ್ಯವಾಗಿ ಎರಡು ಭಾಗ. ಮೊದಲನೆಯದು ಥರ್ಡ್ ಪಾರ್ಟಿ ವಿಮೆ. ವಿಮೆ ಮಾಡಿಸಿದವರು ಒಂದನೆಯವರು, ಕಂಪನಿ ಎರಡನೆಯದು, ನಮ್ಮ ಕಾರಿನಿಂದ ನೊಂದ ಹೊರಗಿನವರು ಮೂರನೆಯವರು. ಅವರಿಗೆ ಕೊಡಬೇಕಾದ ಪರಿಹಾರವನ್ನು ನಮ್ಮ ಪರವಾಗಿ ಕಂಪನಿ ಕೊಡುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 146ನೆಯ ಕಲಮಿನಂತೆ ಇದು ಕಡ್ಡಾಯ. ಇಲ್ಲದೆ ಓಡಿಸಿದರೆ ಮೊದಲ ಸಲ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡೂ. ಮತ್ತೆ ಸಿಕ್ಕರೆ ದಂಡ 4,000 ರೂಪಾಯಿ. ದಂಡ ದೊಡ್ಡ ಮಾತಲ್ಲ. ಒಬ್ಬರ ಪ್ರಾಣ ಹೋದರೆ ನ್ಯಾಯಮಂಡಳಿ ವಿಧಿಸುವ ಲಕ್ಷಗಟ್ಟಲೆ ಪರಿಹಾರವನ್ನು ಹೊಲ ಮನೆ ಮಾರಿ ಕೊಡಬೇಕಾಗುತ್ತದೆ ಎಂಬುದೇ ನಿಜವಾದ ಅಪಾಯ.

ಎರಡನೆಯದು ಸ್ವಂತ ಹಾನಿಯ ವಿಮೆ. ನಮ್ಮ ಕಾರಿಗೆ ಅಪಘಾತ, ಬೆಂಕಿ, ಕಳವು, ನೆರೆ, ಭೂಕುಸಿತಗಳಿಂದಾದ ನಷ್ಟ ಇದರಲ್ಲಿ ಬರುತ್ತದೆ. ಕಾಡುಕೋಣ ಬಡಿದು ಆದ ಹಾನಿಯೂ ಅಪಘಾತವೇ. ಎರಡೂ ಸೇರಿದ್ದು ಸಮಗ್ರ ಅಥವಾ ಪ್ಯಾಕೇಜ್ ಪಾಲಿಸಿ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ 2018ರ ಸೆಪ್ಟೆಂಬರಿನಿಂದ ಕಡ್ಡಾಯವಾಗಿದೆ. ಇಲ್ಲೊಂದು ಗೊಂದಲವಾಗುತ್ತದೆ. ಕಾಗದದ ಮೇಲೆ ಮೂರು ವರ್ಷದ ತಾರೀಖು ನೋಡಿ, ಒಂದೇ ವರ್ಷಕ್ಕೆ ಮುಗಿದ ಸ್ವಂತ ಹಾನಿಯ ವಿಮೆಯನ್ನು ಮರೆತುಬಿಡುತ್ತಾರೆ. ಎರಡು ತಾರೀಖುಗಳನ್ನೂ ಪ್ರತ್ಯೇಕವಾಗಿ ನೋಡಿ.

ಚಾಲಕನಿಗೆ ಏನು ಸಿಗುತ್ತದೆ?

ಹೆಚ್ಚಿನವರು ತಿಳಿಯದೆ ಇರುವ ಸಂಗತಿ ಇದು. ಪಾಲಿಸಿಯೊಂದಿಗೆ ಬರುವ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ‘ಮಾಲೀಕ–ಚಾಲಕ’ನಿಗೆ. ಅಂದರೆ ಕಾರು ಯಾರ ಹೆಸರಿನಲ್ಲಿದೆಯೋ ಅವರಿಗೆ, ಅವರಿಗೆ ಲೈಸೆನ್ಸ್ ಇದ್ದರೆ ಮಾತ್ರ. ಅದೂ ಸಾವು ಮತ್ತು ಶಾಶ್ವತ ಅಂಗವೈಕಲ್ಯಕ್ಕೆ, ಆಸ್ಪತ್ರೆಯ ಬಿಲ್ಲಿಗಲ್ಲ. ನಮ್ಮ ಉದಾಹರಣೆಯಲ್ಲಿ ಕಾರು ತಂದೆಯದು, ಓಡಿಸಿದವನು ಮಗ. ಮಗನ ಕಾಲಿಗೆ ಶಾಶ್ವತ ಊನವಾದರೂ ತಂದೆಯ ಹೆಸರಿನ ಈ 15 ಲಕ್ಷ ಅವನಿಗೆ ಅನ್ವಯಿಸುವುದಿಲ್ಲ. ಮನೆಯಲ್ಲಿ ಕಾರು ಓಡಿಸುವವರು ಬೇರೆ ಇದ್ದರೆ ಅವರಿಗೆ ಪ್ರತ್ಯೇಕ ಅಪಘಾತ ವಿಮೆ ಮಾಡಿಸುವುದು ಜಾಣತನ.

ತಾಯಿ ಮತ್ತು ಅತ್ತಿಗೆಯ ಮಾತೇನು? ಪ್ಯಾಕೇಜ್ ಪಾಲಿಸಿಯಾದರೆ ಚಾಲಕನ ತಪ್ಪಿನಿಂದ ಕಾರಿನೊಳಗಿದ್ದವರಿಗಾದ ಗಾಯಕ್ಕೂ ಕಂಪನಿ ಹೊಣೆಯಾಗುತ್ತದೆ. ಬರೀ ಥರ್ಡ್ ಪಾರ್ಟಿ ಪಾಲಿಸಿಯಾಗಿದ್ದರೆ ಖಾಸಗಿ ಕಾರಿನಲ್ಲಿ ಕುಳಿತವರ ವಿಷಯದಲ್ಲಿ ಕಂಪನಿಗಳು ಹೊಣೆ ನಿರಾಕರಿಸಿ ವ್ಯಾಜ್ಯ ಹೂಡುವುದುಂಟು. ನಾಲ್ಕು ಕಾಸು ಉಳಿಸಲು ಸಣ್ಣ ಪಾಲಿಸಿ ಕೊಳ್ಳುವವರು, ಆ ಕಾರಿನಲ್ಲಿ ಕೂರುವವರು ನಮ್ಮವರೇ ಎಂಬುದನ್ನು ನೆನೆಯಬೇಕು.

ಇನ್ನು ಟ್ರೇಲರಿನ ತಪ್ಪು. ದೀಪ, ಪ್ರತಿಫಲಕವಿಲ್ಲದೆ ರಸ್ತೆಯಲ್ಲಿ ನಿಲ್ಲಿಸಿದ್ದು ತಪ್ಪೇ. ಆದರೆ ಮಂಜಿನಲ್ಲಿ ವೇಗವಾಗಿ ಓಡಿಸಿದ್ದೂ ತಪ್ಪು. ಅಂಥಲ್ಲಿ ನ್ಯಾಯಮಂಡಳಿ ತಪ್ಪನ್ನು ಎರಡೂ ಕಡೆ ಹಂಚಿ, ಮಗನಿಗೆ ಬರುವ ಪರಿಹಾರದಲ್ಲಿ ಅವನ ಪಾಲಿನಷ್ಟು ಕಳೆಯಬಹುದು. ವೇಗ ತಗ್ಗಿಸುವುದು ಜೀವಕ್ಕೂ ಹಿತ, ದಾವೆಗೂ ಹಿತ. ಪರಿಹಾರದ ಅರ್ಜಿಯನ್ನು ಅಪಘಾತವಾದ ಆರು ತಿಂಗಳೊಳಗೆ ಸಲ್ಲಿಸಬೇಕೆಂದು ತಿದ್ದುಪಡಿಯಾದ ಕಾಯ್ದೆ ಹೇಳುತ್ತದೆ. ಅರ್ಜಿದಾರರು ತಾವು ವಾಸಿಸುವ ಊರಿನ ವ್ಯಾಪ್ತಿಯ ನ್ಯಾಯಮಂಡಳಿಯಲ್ಲೇ ಸಲ್ಲಿಸಬಹುದು. ತಡ ಮಾಡಬೇಡಿ.

ಬಡಿದ ವಾಹನ ಓಡಿಹೋಗಿ ಗುರುತೇ ಸಿಗದಿದ್ದರೆ? 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಯೋಜನೆಯಂತೆ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಪರಿಹಾರವಿದೆ. ಇದಕ್ಕೆ ಕಂದಾಯ ಇಲಾಖೆಯ ಅಧಿಕಾರಿಗೆ ಅರ್ಜಿ ಕೊಡಬೇಕು. ಪೊಲೀಸ್ ದೂರಿನ ಪ್ರತಿ ಬೇಕೇ ಬೇಕು.

ರಿಪೇರಿ ಬಿಲ್ಲಿನ ಲೆಕ್ಕ

ಪೂರ್ತಿ ವಿಮೆ ಇದೆಯಲ್ಲ, ಪೂರ್ತಿ ಹಣ ಏಕೆ ಕೊಡಲಿಲ್ಲ? ವಿಮಾ ಕಚೇರಿಗಳಲ್ಲಿ ದಿನವೂ ಕೇಳುವ ಜಗಳವಿದು. ಕಾರಣ ಸವಕಳಿ. ಹಳೆಯ ಭಾಗ ತೆಗೆದು ಹೊಸದು ಹಾಕಿದಾಗ ಹಳೆಯದರ ಸವೆತವನ್ನು ಕಳೆಯುತ್ತಾರೆ. ಸಾಮಾನ್ಯ ಪಾಲಿಸಿಗಳಲ್ಲಿ ರಬ್ಬರು, ಪ್ಲಾಸ್ಟಿಕ್, ಟೈರು, ಬ್ಯಾಟರಿಗೆ ಶೇಕಡಾ 50. ಫೈಬರ್ ಗ್ಲಾಸಿಗೆ ಶೇಕಡಾ 30. ಗಾಜಿಗೆ ಸವಕಳಿ ಇಲ್ಲ. ಲೋಹದ ಭಾಗಗಳಿಗೆ ಕಾರಿನ ವಯಸ್ಸಿನಂತೆ.

ನಮ್ಮ ಮೂರೂವರೆ ವರ್ಷದ ಕಾರಿನ ಬಿಲ್ಲು 60,000 ರೂಪಾಯಿ ಎಂದುಕೊಳ್ಳಿ. ಬಂಪರ್, ದೀಪ ಮೊದಲಾದ ಪ್ಲಾಸ್ಟಿಕ್ ಭಾಗ 20,000, ಬಾನೆಟ್ ಮೊದಲಾದ ಲೋಹದ ಭಾಗ 20,000, ಮುಂದಿನ ಗಾಜು 6,000, ಕೂಲಿ 14,000. ಪ್ಲಾಸ್ಟಿಕ್ಕಿನಲ್ಲಿ ಅರ್ಧ, ಅಂದರೆ 10,000 ಕಳೆಯುತ್ತದೆ. ಮೂರರಿಂದ ನಾಲ್ಕು ವರ್ಷದ ಕಾರಿನ ಲೋಹಕ್ಕೆ ಶೇಕಡಾ 25ರಂತೆ 5,000. ಕಡ್ಡಾಯವಾಗಿ ನಾವೇ ಭರಿಸಬೇಕಾದ ಮೊತ್ತ, 1500 ಸಿಸಿವರೆಗಿನ ಕಾರಿಗೆ 1,000. ಒಟ್ಟು 16,000 ನಮ್ಮ ಕೈಯಿಂದ, 44,000 ಕಂಪನಿಯಿಂದ. ಹೆಚ್ಚಿನ ಕಂತು ಕಟ್ಟಿ ‘ಜೀರೊ ಡೆಪ್ರಿಸಿಯೇಷನ್’ ಸೇರಿಸಿಕೊಂಡಿದ್ದರೆ ಸವಕಳಿಯ 15,000 ಉಳಿಯುತ್ತಿತ್ತು.

ಘಟ್ಟದಿಂದ ಕಾರನ್ನು ಬೆಳಗಾವಿಯ ಗ್ಯಾರೇಜಿಗೆ ಎಳೆದು ತರುವ ಖರ್ಚಿಗೆ ಸಾಮಾನ್ಯ ಪಾಲಿಸಿಯಲ್ಲಿ 1,500 ರೂಪಾಯಿಯ ಮಿತಿ ಬಹುಕಾಲದಿಂದ ಇದೆ. ಗೋವಾ ದಾರಿಯಲ್ಲಿ ಮೇಲಿಂದ ಮೇಲೆ ಓಡಾಡುವವರು ‘ರೋಡ್‌ಸೈಡ್ ಅಸಿಸ್ಟೆನ್ಸ್’ ಸೌಲಭ್ಯ ಸೇರಿಸಿಕೊಳ್ಳುವುದು ಮೇಲು.

ಪರಿಹಾರ ಯಾವಾಗ ನಿಂತುಹೋಗುತ್ತದೆ?

ಕುಡಿದು ಓಡಿಸಿದರೆ, ಲೈಸೆನ್ಸ್ ಇಲ್ಲದವರ ಕೈಗೆ ಕೊಟ್ಟರೆ, ಬಿಳಿ ಬೋರ್ಡಿನ ಖಾಸಗಿ ಕಾರನ್ನು ಬಾಡಿಗೆಗೆ ಬಿಟ್ಟರೆ ಸ್ವಂತ ಹಾನಿಯ ಪರಿಹಾರ ಕೈತಪ್ಪುತ್ತದೆ. ವರ್ಷದ ಕೊನೆಗೆ ಗೋವಾಕ್ಕೆ ಜನ ಕೂರಿಸಿಕೊಂಡು ಹೋಗುವ ಖಾಸಗಿ ಕಾರಿನವರು ಇದನ್ನು ಗಮನಿಸಬೇಕು. ಹೊರಗಿನವರಿಗೆ ಪರಿಹಾರ ಕೊಟ್ಟ ಕಂಪನಿ ಆ ಹಣವನ್ನು ಮಾಲೀಕರಿಂದ ವಸೂಲು ಮಾಡಲೂಬಹುದು. ತಾನಾಗಿ ಕೆಟ್ಟ ಎಂಜಿನ್, ಸವೆದ ಕ್ಲಚ್ಚು, ಸತ್ತ ಬ್ಯಾಟರಿ ಇವು ವಿಮೆಯ ವ್ಯಾಪ್ತಿಗೆ ಬರುವುದಿಲ್ಲ.

ಅಪಘಾತವಾದ ಕೂಡಲೇ ಕಂಪನಿಗೆ ತಿಳಿಸಿ. ನಿಂತ ಸ್ಥಳದ, ಎರಡೂ ವಾಹನಗಳ, ನಂಬರ್ ಪ್ಲೇಟಿನ ಫೋಟೊ ತೆಗೆಯಿರಿ. ಗಾಯವಾಗಿದ್ದರೆ 24 ಗಂಟೆಯೊಳಗೆ ಪೊಲೀಸರಿಗೆ ವರದಿ ಮಾಡುವುದು ಚಾಲಕನ ಕಾನೂನುಬದ್ಧ ಹೊಣೆ. ಸರ್ವೇಯರ್ ನೋಡುವ ಮೊದಲು ರಿಪೇರಿಗೆ ಕೈ ಹಾಕಿಸಬೇಡಿ.

ವೀಕ್ಷಕರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಸಣ್ಣ ಗೀರಿಗೂ ಪರಿಹಾರ ಕೇಳಬಹುದೇ?
ಕೇಳಬಹುದು, ಆದರೆ ಲೆಕ್ಕ ಹಾಕಿ. ಪರಿಹಾರ ಕೇಳದ ವರ್ಷಗಳಿಗೆ ಸ್ವಂತ ಹಾನಿಯ ಕಂತಿನಲ್ಲಿ ಬೋನಸ್ ಎಂದು ಶೇಕಡಾ 20, 25, 35, 45, ಕೊನೆಗೆ 50 ರಿಯಾಯಿತಿ ಸಿಗುತ್ತದೆ. 8,000 ರೂಪಾಯಿ ಕಂತಿಗೆ ಶೇಕಡಾ 50 ಬೋನಸ್ ಎಂದರೆ 4,000 ಉಳಿತಾಯ. 2,500 ರೂಪಾಯಿ ಪಡೆಯಲು ಹೋಗಿ ಅದನ್ನು ಕಳೆದುಕೊಳ್ಳುವುದು ನಷ್ಟದ ವ್ಯಾಪಾರ.

ನವೀಕರಣ ಮರೆತರೆ?
ಅವಧಿ ಮುಗಿದ ಮರುಕ್ಷಣದಿಂದ ರಕ್ಷಣೆ ಇಲ್ಲ. 90 ದಿನದೊಳಗೆ ನವೀಕರಿಸಿದರೆ ಬೋನಸ್ ಮಾತ್ರ ಉಳಿಯುತ್ತದೆ. ಆ ನಡುವಿನ ದಿನಗಳಲ್ಲಾದ ಅಪಘಾತಕ್ಕೆ ಕಂಪನಿ ಹೊಣೆಯಲ್ಲ.

ಹಳೆಯ ಕಾರು ಕೊಂಡಿದ್ದೇನೆ. ವಿಮೆ ಇನ್ನೂ ಆರು ತಿಂಗಳಿದೆ. ಸಾಕಲ್ಲವೇ?
ಸಾಲದು. ವರ್ಗಾವಣೆಯಾದ 14 ದಿನದೊಳಗೆ ಕಂಪನಿಗೆ ಅರ್ಜಿ ಕೊಟ್ಟು ಹೆಸರು ಬದಲಿಸಿಕೊಳ್ಳಿ. ಇಲ್ಲದಿದ್ದರೆ ಸ್ವಂತ ಹಾನಿಯ ಪರಿಹಾರಕ್ಕೆ ತೊಡಕಾಗುತ್ತದೆ. ಬೋನಸ್ ಕಾರಿನದಲ್ಲ, ಮಾರಿದವರದು. ಅದು ಅವರೊಂದಿಗೇ ಹೋಗುತ್ತದೆ.

ನಮ್ಮದು ಟ್ರ್ಯಾಕ್ಟರು. ನಮಗೇನು ಹೇಳುತ್ತೀರಿ?
ಟ್ರ್ಯಾಕ್ಟರಿನಷ್ಟೇ ಟ್ರೇಲರಿಗೂ ವಿಮೆ ಮುಖ್ಯ. ಒಕ್ಕಲುತನಕ್ಕೆಂದು ವಿಮೆ ಮಾಡಿಸಿ ಬಾಡಿಗೆಗೆ ಕಬ್ಬು ಸಾಗಿಸಿದರೆ ತಕರಾರು ಏಳುತ್ತದೆ. ಪಾಲಿಸಿಯನ್ನು ಓದಿಸಿ ಕೇಳಿ. ಕಬ್ಬಿನ ಹೇರಿನ ಮೇಲೇ ಕೆಂಪು ಪ್ರತಿಫಲಕ ಪಟ್ಟಿ ಕಟ್ಟಿ. ಅದಕ್ಕೆ ತಗಲುವ ಖರ್ಚು ತೀರ ಅಲ್ಪ.

ಕಂಪನಿ ಅನ್ಯಾಯ ಮಾಡಿತು ಎನಿಸಿದರೆ?
ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ನಂತರ ವಿಮಾ ನಿಯಂತ್ರಣ ಪ್ರಾಧಿಕಾರದ ‘ಬಿಮಾ ಭರೋಸಾ’ ವ್ಯವಸ್ಥೆಗೆ, ಅಥವಾ 155255 ಸಂಖ್ಯೆಗೆ. ಕಂಪನಿಯ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್‌ಗೆ ಒಂದು ವರ್ಷದೊಳಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಕೊನೆಯ ಮಾತು

ವಿಮೆ ಮುರಿದ ಬಂಪರನ್ನು ಮರಳಿ ಕೊಡುತ್ತದೆ. ಮುರಿದ ಕಾಲನ್ನು ಹಾಗೆಯೇ ಮರಳಿ ಕೊಡಲಾರದು. ಆದ್ದರಿಂದ ಎಚ್ಚರಿಕೆ ಮೊದಲು, ವಿಮೆ ಆಮೇಲೆ. ಈ ಸಂಚಿಕೆಯನ್ನು ಕೆಳಗಿಟ್ಟು ಇವತ್ತೇ ಮೂರು ಕೆಲಸ ಮಾಡಿ. ಪಾಲಿಸಿ ತೆಗೆದು ಎರಡೂ ತಾರೀಖು ನೋಡಿ. ಸ್ಟೆಪ್ನಿಯ ಗಾಳಿ ನೋಡಿ. ಮನೆಯಲ್ಲಿ ಕಾರು ಓಡಿಸುವ ಮಗನಿಗೋ ಮಗಳಿಗೋ ಅವರದೇ ಹೆಸರಿನ ಅಪಘಾತ ವಿಮೆ ಇದೆಯೇ ಎಂದು ಕೇಳಿ. ನಾಳೆ ಬೆಳಿಗ್ಗೆ ಮಲಪ್ರಭೆಯ ಮೇಲೆ ಮಂಜು ಕವಿದಿದ್ದರೆ, ಇನ್ನೊಂದು ಕಪ್ ಚಹಾ ಕುಡಿದು ಬಿಸಿಲೇರಿದ ಮೇಲೆ ಹೊರಡಿ. ನಿಮ್ಮ ಪ್ರಯಾಣ ಸುಖಕರವಾಗಲಿ.